ಈಶಾನ್ಯ ಮೂಲೆಯ ಮೊದಲ ಸಸಿ

ನಮ್ಮ ಬಂಧುಬಳಗದಲ್ಲಿ ಯಾರ ಹೊಲವೇ ಆಗಲಿ, ನಾಟಿಯ ದಿನ ಮೊದಲ ಸಸಿ ಊರುವವಳು ನನ್ನ ಅಕ್ಕ. ಮುಳಬಾಗಿಲಿನಲ್ಲಿ ಅವಳ ನಾದಿನಿಯ ಬದನೆ ತೋಟವಿರಲಿ, ಶ್ರೀನಿವಾಸಪುರದಲ್ಲಿ ನಮ್ಮ ತಮ್ಮನ ಟೊಮೆಟೊ ಹೊಲವಿರಲಿ, ಮಾಲೂರಿನ ಹತ್ತಿರ ಅವಳ ಸ್ವಂತ ಮಗಳ ತೋಟವಿರಲಿ, ಅಕ್ಕ ಸುಗಟೂರಿನಿಂದ ಬಸ್ಸು ಹತ್ತಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಈಶಾನ್ಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಸಸಿ ನೆಟ್ಟ ಮೇಲೆಯೇ ಆಳುಗಳು ಸಾಲಿಗೆ ಇಳಿಯುವುದು. ಮೊದಲು ಈ ಕೆಲಸ ನಮ್ಮ ಅಜ್ಜಿಯದಾಗಿತ್ತು. ಅಜ್ಜಿಯ ನಂತರ ಆ ಪಟ್ಟ ನೇರವಾಗಿ ಅಕ್ಕನಿಗೆ ಬಂತು. ನಡುವೆ ನಮ್ಮ ತಾಯಿಯನ್ನು ಯಾರೂ ಕೇಳಲೇ ಇಲ್ಲ. ಕೈಗುಣ ಇರುವುದು ಅಕ್ಕನಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಕೈಗುಣವನ್ನು ಇಂಗ್ಲಿಷಿನಲ್ಲಿ ಗ್ರೀನ್ ಫಿಂಗರ್ಸ್ ಅನ್ನುತ್ತಾರೆಂದು ನಾನೊಮ್ಮೆ ಹೇಳಿದಾಗ, ಅಕ್ಕ ತನ್ನ ಅರಿಶಿನ ಹತ್ತಿದ ಬೆರಳುಗಳನ್ನು ತಿರುಗಿಸಿ ನೋಡಿಕೊಂಡು, ಅವರಿಗೆ ಬಣ್ಣ ಸರಿಯಾಗಿ ಕಾಣಲ್ವೇನೋ ಅಂದಿದ್ದಳು.

ನಾವಿಬ್ಬರೂ ಬೆಳೆದದ್ದು ಬೇರೆ ಬೇರೆ ಕಡೆ. ಅಪ್ಪನಿಗೆ ಕೆಜಿಎಫ್‌ನಲ್ಲಿ ಗಣಿಯ ಆಫೀಸಿನ ಕೆಲಸ. ವಕ್ಕಲೇರಿಯಲ್ಲಿದ್ದ ಅಜ್ಜಿಗೆ ಜೊತೆಗೊಬ್ಬರು ಬೇಕೆಂದು ಅಕ್ಕನನ್ನು ಅಲ್ಲಿ ಬಿಟ್ಟರು, ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅವಳು ಅಜ್ಜಿಯ ಹಿಂದೆ ಬದುವಿನ ಮೇಲೆ ಓಡಾಡಿಕೊಂಡು ಬೆಳೆದಳು. ನಾನು ಗಂಜಿ ಹಾಕಿದ ಪಿನಾಫೋರ್ ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಬೆಳೆದೆ. ನಮ್ಮ ಸ್ಕೂಲಿನಲ್ಲಿ ಬಹಳ ಚಂದದ ಗಾರ್ಡನ್ ಇತ್ತು. ಅದನ್ನು ಮುಟ್ಟುವಂತಿರಲಿಲ್ಲ. ನೇಚರ್ ಸ್ಟಡಿ ಅಂದರೆ ಕಿಟಕಿಯಿಂದ ಅದನ್ನು ನೋಡಿ ಡ್ರಾಯಿಂಗ್ ಬರೆಯುವುದು. ಉಗುರಿನಲ್ಲಿ ಮಣ್ಣು ಕಂಡರೆ ಸಿಸ್ಟರ್ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಮೆಲ್ಲಗೆ ತಟ್ಟುತ್ತಿದ್ದರು. ಆಗ ಅದು ಮೆಲ್ಲಗೆ ಇತ್ತೋ ಇಲ್ಲವೋ, ಈಗ ನೆನಪಿನಲ್ಲಂತೂ ಮೆಲ್ಲಗೇ ಆಗಿದೆ.

ರಜೆಗೆ ವಕ್ಕಲೇರಿಗೆ ಹೋದಾಗ ಅಕ್ಕನ ಕೈ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳು ಗೋಡೆಯ ಸಂದಿಗೆ ಎಸೆದ ಕುಂಬಳದ ಬೀಜವೂ ಚಪ್ಪರ ಹತ್ತುತ್ತಿತ್ತು. ನನ್ನ ಕೈಯ ವಿಷಯ ಎತ್ತದಿರುವುದೇ ವಾಸಿ. ಕೋಲಾರದ ನಮ್ಮ ಮನೆಯಲ್ಲಿ, ಯಾರ ಮನೆಯಲ್ಲೂ ಸಾಯದ ಮನಿ ಪ್ಲಾಂಟ್ ಸತ್ತಿದೆ. ತುಳಸಿ ಒಣಗಿದಾಗಲೆಲ್ಲ ನಮ್ಮ ಯಜಮಾನರು ನನಗೆ ಗೊತ್ತಾಗದಂತೆ ನರ್ಸರಿಯಿಂದ ಹೊಸದು ತಂದು ಕಟ್ಟೆಯಲ್ಲಿ ಇಡುತ್ತಾರೆ. ನಾನು ಗೊತ್ತಾಗದವಳಂತೆ ನೀರು ಹಾಕುತ್ತೇನೆ. ಲಾಂಗ್ ಮ್ಯಾರೇಜ್ ಅಂದರೆ ಬಹುಶಃ ಇಂಥದ್ದೇ.

ಹೀಗಾಗಿ ನಾಟಿಯ ದಿನ ನನ್ನ ಕೆಲಸ ಅಕ್ಕನ ಜೊತೆಗೆ ಹೋಗುವುದು ಮತ್ತು ಪೂಜೆಯ ಸಾಮಾನಿನ ಬ್ಯಾಗು ಹಿಡಿಯುವುದು, ಅಷ್ಟೇ. ಬ್ಯಾಗಿನಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ, ಊದುಬತ್ತಿ. ಆದರೆ ಇನ್ನೊಂದು ವಸ್ತುವಿತ್ತು, ಅದನ್ನು ಮಾತ್ರ ಅಕ್ಕ ಯಾರ ಕೈಗೂ ಕೊಡುತ್ತಿರಲಿಲ್ಲ. ಕ್ಲಿಪ್ಪಿರುವ ಸ್ಟೀಲಿನ ಟಿಫನ್ ಡಬ್ಬಿ. ಅದರ ತುಂಬ ಅವಳ ಹಿತ್ತಲಿನ ಮಣ್ಣು. ಸಸಿಗೆ ಹೊಸ ಜಾಗ ಅನ್ನಿಸಬಾರದು, ತವರಿನಿಂದ ಒಂದು ಹಿಡಿ ಮಣ್ಣು ಬುಡಕ್ಕಿದ್ದರೆ ಧೈರ್ಯವಾಗಿ ಬೇರು ಬಿಡುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳಂತೆ. ಸಸಿ ಬಂದಿರುವುದು ನರ್ಸರಿಯ ಟ್ರೇಯಲ್ಲಿ, ಅದರ ತವರು ಸುಗಟೂರು ಹೇಗಾಗುತ್ತದೆ ಎಂದು ನಾನು ಒಮ್ಮೆ ಲಾಜಿಕ್ ಮಾತಾಡಿದೆ. ಅಕ್ಕ, ನಾನು ನೆಟ್ಟರೆ ನಾನೇ ತಾಯಿ, ನನ್ನ ಮನೆಯೇ ತವರು ಅಂದಳು. ಇದಕ್ಕೆ ಕಾನ್ವೆಂಟಿನಲ್ಲಿ ಉತ್ತರ ಕಲಿಸಿರಲಿಲ್ಲ.

ಮಣ್ಣನ್ನೂ ಅವಳು ಎಲ್ಲೆಂದರಲ್ಲಿ ತೋಡುತ್ತಿರಲಿಲ್ಲ. ಕೊಟ್ಟಿಗೆಯ ಹಿಂದೆ ಅವಳದೊಂದು ಬದನೆ ಪಾತಿಯಿದೆ. ಅದರಲ್ಲಿ ಹಳೆಯ ಗಿಡವೊಂದನ್ನು ಕಿತ್ತು, ಬೇರು ಕೊಡವಿ, ಬೇರಿನ ತುಂಬ ಗಂಟುಗಳಿದ್ದರೆ ಆ ಬುಡದ ಮಣ್ಣನ್ನೇ ಡಬ್ಬಿಗೆ ತುಂಬುತ್ತಿದ್ದಳು. ಬೇರಿನಲ್ಲಿ ಗಂಟಿದ್ದರೆ ಮಣ್ಣಿಗೆ ಶಕ್ತಿ ಇದೆ ಎಂದು ಅವಳ ಲೆಕ್ಕ. ಈ ಲೆಕ್ಕ ಅವಳದೂ ಅಲ್ಲ. ಕಡಲೆಕಾಯಿ, ಅವರೆಗಳ ಬೇರಿನಲ್ಲಿ ಗಂಟುಗಳಿರುತ್ತವೆ, ಅವು ಗಾಳಿಯಿಂದ ಗೊಬ್ಬರ ಹಿಡಿದು ಕೊಡುತ್ತವೆ, ಅಂಥ ಗಂಟು ರೈತನ ಭಾಗ್ಯ ಎಂದು ರೇಡಿಯೋದಲ್ಲಿ ಯಾರೋ ಹೇಳಿದ್ದನ್ನು ಅವಳು ಹಾಲು ಕರೆಯುತ್ತಾ ಕೇಳಿಸಿಕೊಂಡಿದ್ದಳು. ಕಡಲೆಕಾಯಿಗೆ ಒಳ್ಳೆಯದು ಬದನೆಗೆ ಯಾಕೆ ಕೆಟ್ಟದಾಗುತ್ತದೆ? ಅವಳ ಬದನೆಯೂ ಚೆನ್ನಾಗಿಯೇ ಬಿಡುತ್ತಿತ್ತು. ಕೊಟ್ಟಿಗೆಯ ಗೊಬ್ಬರವೆಲ್ಲ ಅದರ ಬುಡಕ್ಕೇ ಬೀಳುತ್ತಿತ್ತಲ್ಲ. ಬೇರುಗಳನ್ನು ಎತ್ತಿ ಹಿಡಿದು, ನೋಡೇ, ಮುತ್ತು ಪೋಣಿಸಿದ ಹಾಗಿದೆ ಎಂದು ನನಗೆ ತೋರಿಸುತ್ತಿದ್ದಳು. ನಾನು ವೆರಿ ನೈಸ್ ಅನ್ನುತ್ತಿದ್ದೆ.

ಮೊದಲು ತಕರಾರು ಬಂದದ್ದು ಶ್ರೀನಿವಾಸಪುರದಿಂದ. ತಮ್ಮನ ಟೊಮೆಟೊ ಹೊಲದ ಒಂದು ಮೂಲೆಯಲ್ಲಿ ಗಿಡಗಳು ಮಧ್ಯಾಹ್ನವಾದರೆ ತಲೆ ಬಾಗಿಸುತ್ತಿದ್ದವು, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತಿದ್ದವು. ತಮ್ಮ ಇದನ್ನು ದೃಷ್ಟಿ ಎಂದು ತೀರ್ಮಾನಿಸಿದ. ಆ ಕಡೆಯ ರಸ್ತೆಯಲ್ಲಿ ದಿನಾ ಒಬ್ಬರು ಸ್ಕೂಟರ್ ನಿಲ್ಲಿಸಿ ಅವನ ಹೊಲ ನೋಡಿ ಹೋಗುತ್ತಾರಂತೆ. ಹಳೇ ಚಪ್ಪಲಿ ಕಟ್ಟಿದ, ಕಣ್ಣು ಮೂಗು ಬರೆದ ಮಡಕೆ ನಿಲ್ಲಿಸಿದ, ಬೂದುಗುಂಬಳ ಒಡೆಸಿದ. ಕೊನೆಗೆ ಬೆದರುಗೊಂಬೆಗೆ ನಮ್ಮ ಯಜಮಾನರ ರಿಟೈರ್‌ಮೆಂಟ್ ಫಂಕ್ಷನ್ನಿನ ಕೋಟು ಕೇಳಿಕೊಂಡು ಹೋಗಿ ತೊಡಿಸಿದ. ನಾನು ಹೋಗಿ ನೋಡಿದಾಗ ನಮ್ಮವರೇ ಟೊಮೆಟೊ ಸಾಲಿನಲ್ಲಿ ಕೈ ಚಾಚಿ ನಿಂತ ಹಾಗಿತ್ತು. ಗಿಡಗಳು ಮಾತ್ರ ಹಳದಿ ತಿರುಗಿ ಕುಳ್ಳಾದವು, ಕಾಯಿ ಗೋಲಿಯಷ್ಟಾಗಿ ನಿಂತವು.

ಮುಳಬಾಗಿಲಿನ ನಾದಿನಿಯ ಬದನೆಗೂ ಹಾಗೇ ಆಯಿತು. ಅವಳು ವಾಸ್ತು ಹೇಳುವವರನ್ನು ಕರೆಸಿದಳು. ಅವರು ಬಂದು, ಈ ಮೂಲೆಯಲ್ಲಿ ಭಾರ ಏನಾದರೂ ಇಟ್ಟಿದ್ದೀರಾ ಎಂದು ಕೇಳಿ, ಅಲ್ಲಿದ್ದ ಬಟ್ಟೆ ಒಗೆಯುವ ಕಲ್ಲನ್ನು ಎತ್ತಿಸಿ ಇನ್ನೊಂದು ಮೂಲೆಗೆ ಹಾಕಿಸಿದರು. ನಾದಿನಿಗೆ ಈಗ ಬಟ್ಟೆ ಒಗೆಯಲು ನೀರು ಹೊತ್ತುಕೊಂಡು ಹೋಗಬೇಕು, ಬದನೆಯೂ ಇಲ್ಲ.

ಗುಟ್ಟು ಬಯಲಾದದ್ದು ಮಾಲೂರಿನಲ್ಲಿ. ಅಕ್ಕನ ಮಗಳು ಬಿ.ಕಾಂ. ಓದಿದವಳು, ಆದರೆ ಅವಳಿಗೆ ಮೊದಲಿನಿಂದ ತೋಟದ ಹುಚ್ಚು. ಆಗಷ್ಟೇ ಪ್ಲಾಸ್ಟಿಕ್ ಚಾವಣಿಯ, ಸುತ್ತ ಬಲೆ ಕಟ್ಟಿದ ಪಾಲಿಹೌಸ್ ಕಟ್ಟಿಸಿದ್ದಳು. ಕ್ಯಾಪ್ಸಿಕಂ ಹಾಕಬೇಕೆಂದು, ಹೊರಗಿನಿಂದ ಪರೀಕ್ಷೆ ಮಾಡಿಸಿದ ಕೆಮ್ಮಣ್ಣು ತರಿಸಿ, ಗೊಬ್ಬರ ಬೆರೆಸಿ, ಮಡಿ ಏರಿಸಿ, ಮದುವೆ ಮನೆಯ ಹಾಗೆ ಸಿದ್ಧ ಮಾಡಿಟ್ಟಿದ್ದಳು. ನಾಟಿಗೆ ಇನ್ನೊಂದು ವಾರವಿರುವಾಗ, ತೋಟಗಾರಿಕೆ ಓದಿ ರೈತರಿಗೆ ಸಲಹೆ ಹೇಳುವ ಒಬ್ಬ ಹುಡುಗಿ ಅಲ್ಲಿಗೆ ಬಂದಳು. ಆ ದಿನ ನಾನೂ ಅಲ್ಲೇ ಇದ್ದೆ. ಪಾಲಿಹೌಸ್ ನೋಡಿ ಮೆಚ್ಚಿದ ಹುಡುಗಿ, ಹೊರಗಿನ ಟೊಮೆಟೊ ತಾಕಿನ ಹತ್ತಿರ ಬಂದಾಗ ನಿಂತಳು. ಬಾಡಿದ ಗಿಡವೊಂದನ್ನು ಹಾರೆಯಿಂದ ಮೆಲ್ಲಗೆ ಮೀಟಿ ಎತ್ತಿದಳು. ಬೇರು ಬೇರಿನ ಹಾಗೇ ಇರಲಿಲ್ಲ. ಶುಂಠಿಯ ಹಾಗೆ, ನನ್ನ ಆರ್ಥ್ರೈಟಿಸ್ ಬೆರಳುಗಳ ಹಾಗೆ, ಗಂಟು ಗಂಟು.

ಅವಳು ಹೇಳಿದ್ದಿಷ್ಟು. ಇದು ಬೇರುಗಂಟು ಮಾಡುವ ಜಂತುಹುಳು, ನೆಮಟೋಡ್. ಕಣ್ಣಿಗೆ ಕಾಣುವುದಿಲ್ಲ. ಬೇರಿನೊಳಗೆ ಹೊಕ್ಕು ಅಲ್ಲೇ ಮನೆ ಮಾಡುತ್ತದೆ, ಬೇರು ಊದಿಕೊಂಡು ಗಂಟಾಗುತ್ತದೆ, ಗಿಡಕ್ಕೆ ನೀರು ಎಳೆಯಲಾಗುವುದಿಲ್ಲ. ಅದಕ್ಕೇ ಬಿಸಿಲಿಗೆ ಬಾಡುವುದು. ತೆರೆದ ಹೊಲದಲ್ಲಾದರೆ ಹೇಗೋ ಹದ್ದುಬಸ್ತಿಗೆ ತರಬಹುದು, ಪಾಲಿಹೌಸಿನೊಳಗೆ ಒಮ್ಮೆ ಸೇರಿತೆಂದರೆ ಬೆಚ್ಚಗಿನ ಜಾಗ, ದಿನಾ ನೀರು, ಅದನ್ನು ಹೊರಡಿಸುವುದು ಬಹಳ ಕಷ್ಟ. ಒಂದು ಸಮಾಧಾನವೆಂದರೆ ಅದು ತಾನಾಗಿ ಹೆಚ್ಚು ದೂರ ಹೋಗಲಾರದು. ಯಾರಾದರೂ ಹೊತ್ತುಕೊಂಡು ಬಂದರೆ ಮಾತ್ರ ಊರಿಂದೂರಿಗೆ ಹೋಗುತ್ತದೆ, ಸಸಿಯಲ್ಲಿ, ಗುದ್ದಲಿಯಲ್ಲಿ, ಚಪ್ಪಲಿಯಲ್ಲಿ, ಮಣ್ಣಿನಲ್ಲಿ.

ಆಮೇಲೆ ಕೇಳಿದಳು, “ಎಲ್ಲಿಂದ ಶುರುವಾಯ್ತು ಮೇಡಂ, ನೆನಪಿದ್ಯಾ?”

ಮಗಳು ಕೈ ತೋರಿಸಿದಳು. ಈಶಾನ್ಯ ಮೂಲೆ. ಕೈ ಹಾಗೇ ಗಾಳಿಯಲ್ಲಿ ನಿಂತಿತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹುಡುಗಿಗೆ ಕಾಫಿ ಕೊಟ್ಟು ಕಳಿಸಿದೆವು. ಅವಳ ಬೈಕು ರಸ್ತೆ ಸೇರಿದ ಮೇಲೆ ನಾನು ಶ್ರೀನಿವಾಸಪುರಕ್ಕೆ ಫೋನ್ ಮಾಡಿ, ನಿನ್ನ ಹೊಲದಲ್ಲಿ ಯಾವ ಮೂಲೆಯೋ ಎಂದು ಕೇಳಿದೆ. ಈಶಾನ್ಯ ಅಂದ. ಮಗಳು ಮುಳಬಾಗಿಲಿಗೆ ಮಾಡಿದಳು. ನಾದಿನಿ, ಈಶಾನ್ಯ ಕಣಮ್ಮ, ಅದಕ್ಕೇ ಅಲ್ವಾ ಕಲ್ಲು ಎತ್ತಿಸಿದ್ದು ಅಂದಳು.

ಟಿಫನ್ ಡಬ್ಬಿಯ ವಿಷಯ ಹೇಳಿದಾಗ ತಮ್ಮ ಫೋನಿನಲ್ಲೇ ತೆಲುಗಿಗೆ ಇಳಿದ. ಅವನು ಹೆದರಿದಾಗ ತೆಲುಗೇ ಬರುವುದು. “ಅಕ್ಕನಿಗೆ ಯಾರು ಹೇಳೋದು? ನಾ ವಲ್ಲ ಕಾದು ತಲ್ಲೀ. ನನ್ನ ಕೈಲಾಗಲ್ಲ. ನನ್ನ ಹೊಲ ಪೂರಾ ಹೋದ್ರೂ ಚಿಂತೆಯಿಲ್ಲ.”

ಮಗಳು ಮಾತ್ರ ಹೋದರೆ ಹೋಗಲಿ ಅನ್ನುವ ಹಾಗಿರಲಿಲ್ಲ. ಅವಳ ಎಲ್ಲ ಆಸೆಯೂ ಆ ಪಾಲಿಹೌಸಿನಲ್ಲಿತ್ತು. ಆದರೆ ಅಮ್ಮ ಮೊದಲ ಸಸಿ ನೆಡದೆ ನಾಟಿ ಮಾಡುವ ಧೈರ್ಯವೂ ಅವಳಿಗಿಲ್ಲ. ಅಮ್ಮ ಬರಲೇಬೇಕು, ಡಬ್ಬಿ ಬರಬಾರದು, ಇಷ್ಟೇ ಅವಳ ಬೇಡಿಕೆ. ಹೇಳಲು ಸುಲಭ. ಅಕ್ಕನ ಇಡೀ ಬಾಳಿನ ಹೆಸರು ಆ ಒಂದು ಸಸಿಯ ಮೇಲೆ ನಿಂತಿದೆ. ನೀನು ಹರಸಿದ ಮೂಲೆಗಳಿಂದಲೇ ಎಲ್ಲರ ಹೊಲ ಕೆಟ್ಟಿತು ಎಂದು ಅವಳಿಗೆ ಹೇಳಿದರೆ ಅವಳ ಕೈಯಲ್ಲಿ ಮತ್ತೇನು ಉಳಿಯುತ್ತದೆ?

“ಚಿಕ್ಕಮ್ಮ, ನೀನೇ ಹೇಳು,” ಅಂದಳು ಮಗಳು. “ನಿಂಗೆ ಪಾಲಿಷ್ ಆಗಿ ಮಾತಾಡೋಕ್ ಬರುತ್ತೆ.”

ಹಾಗಾಗಿ ನಾನು ಪಾಲಿಷ್ ಹಾಕಿಕೊಂಡು ಸುಗಟೂರಿಗೆ ಹೋದೆ. ಅಪ್ರಿಯವಾದದ್ದನ್ನು ಹೇಳಬೇಕಾದರೆ ಮೊದಲು ಒಂದು ಕಾಂಪ್ಲಿಮೆಂಟ್ ಕೊಟ್ಟು ಶುರು ಮಾಡಬೇಕು ಎಂದು ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು. ಅಕ್ಕ ಹಿತ್ತಲಿನಲ್ಲಿ ಬದನೆ ಬಿಡಿಸುತ್ತಿದ್ದಳು. ನಿನ್ನ ಮಣ್ಣು ಎಷ್ಟು ಚೆನ್ನಾಗಿದೆ ಅಕ್ಕ ಎಂದೆ. ಅಷ್ಟು ಸಾಕಾಯಿತು. ಜೀವನದಲ್ಲಿ ಮೊದಲ ಸಲ ನಾನು ಮಣ್ಣಿನ ಬಗ್ಗೆ ಬಾಯಿ ಬಿಟ್ಟಿದ್ದೆನಲ್ಲ, ಅಕ್ಕನ ಮುಖ ಅರಳಿತು. ಒಂದು ಗಿಡ ಕಿತ್ತು ಬೇರು ತೋರಿಸಿದಳು. ನಾನು ಗಂಟುಗಳನ್ನು ನೋಡಿ, ಕೆಲವು ಕಡೆ ಮಣ್ಣಿನಲ್ಲಿ ಜಂತುಹುಳು ಅಂತ ಬರುತ್ತದಂತೆ ಎಂದು ಹಗುರಾಗಿ ಮಾತು ತೇಲಿಬಿಟ್ಟೆ. ಬೇರೆಯವರ ಮಣ್ಣಿನಲ್ಲಿ ಅದೆಲ್ಲ ಇದ್ದದ್ದೇ ಎಂದು ಅಕ್ಕ ಒಪ್ಪಿಕೊಂಡಳು. ಸ್ಕೂಲಿನಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲ, ಅದನ್ನು ಅರೆದು ಡ್ರಿಪ್‌ನಲ್ಲಿ ಬಿಡೋಕೆ ಹೇಳು ಎಂದು ಸಲಹೆಯನ್ನೂ ಕೊಟ್ಟಳು. ಮಣ್ಣಿನಿಂದ ಮಣ್ಣಿಗೆ ಹರಡುತ್ತದಂತೆ ಎಂದೆ. ಅದಕ್ಕೇ ಒಳ್ಳೆ ಮಣ್ಣಿನ ಸಹವಾಸ ಇರಬೇಕು ಅನ್ನೋದು ಅಂದಳು. ನಾನು ಇನ್ನೊಂದು ಕಾಂಪ್ಲಿಮೆಂಟಿನಿಂದ ಶುರು ಮಾಡಬೇಕೆನ್ನುವಷ್ಟರಲ್ಲಿ ಅವಳೇ ಏನೋ ಯೋಚಿಸಿದವಳಂತೆ ನಿಂತು ಹೇಳಿದಳು:

“ಅಲ್ವೇ, ಪಾಲಿಹೌಸು ಅಂದ್ರೆ ದೊಡ್ಡದಲ್ವಾ? ಆ ಚಿಕ್ಕ ಡಬ್ಬಿ ಸಾಲಲ್ಲ ಕಣೇ.”

ಹೀಗೆ ಡಬ್ಬಿಯನ್ನು ನಿಲ್ಲಿಸಲು ಹೋದ ನಾನು ಅದನ್ನು ದೊಡ್ಡದು ಮಾಡಿಸಿಕೊಂಡು, ಒಂದು ಚೀಲ ಬದನೆಕಾಯಿ ಸಮೇತ ಕೋಲಾರಕ್ಕೆ ವಾಪಸಾದೆ. ಮಗಳಿಗೆ ಫೋನಿನಲ್ಲಿ ಹೇಳಿದೆ. ಪಾಲಿಷ್ ಎಂಬ ಮಾತನ್ನು ಆಮೇಲೆ ಅವಳ ಬಾಯಲ್ಲಿ ನಾನು ಕೇಳಿಲ್ಲ.

ನಾಟಿಯ ಬೆಳಿಗ್ಗೆ ಅಕ್ಕ ಮದುವೆಗಳಿಗೆ ಚಕ್ಕುಲಿ ಒಯ್ಯುವ ಡಬ್ಬಿ ಹಿಡಿದುಕೊಂಡು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಮಾಲೂರಿನ ಬಸ್ಸಿನಲ್ಲಿ ನರಸಾಪುರದ ಫ್ಯಾಕ್ಟರಿಗೆ ಹೋಗುವ ಹುಡುಗಿಯರು ತುಂಬಿದ್ದರು. ಕಂಪನಿ ಬಸ್ಸು ತಪ್ಪಿಸಿಕೊಂಡವರಂತೆ. ಕೊರಳಲ್ಲಿ ಟ್ಯಾಗು ಹಾಕಿಕೊಂಡಿದ್ದ ಒಬ್ಬಳು ಎದ್ದು ನಮಗೆ ಸೀಟು ಬಿಟ್ಟುಕೊಟ್ಟಳು. ಅಕ್ಕ ಡಬ್ಬಿಯನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದ ರೀತಿ ನೋಡಿ, ಏನಜ್ಜಿ ಅದರಲ್ಲಿ ಎಂದು ಕೇಳಿದಳು. ಮಣ್ಣು ಎಂದಳು ಅಕ್ಕ, ಮುಚ್ಚಳ ತೆಗೆದು ತೋರಿಸಿದಳು. ಆ ಹುಡುಗಿ ಒಂದು ಚಿಟಿಕೆ ತೆಗೆದು ಕಣ್ಣಿಗೊತ್ತಿಕೊಂಡು, ಯಾವ ದೇವಸ್ಥಾನದ್ದು ಅಂದಳು. ನಮ್ಮ ಹಿತ್ತಲಿನದು ಎಂದು ಅಕ್ಕ ಪ್ರಾಮಾಣಿಕವಾಗಿಯೇ ಹೇಳಿದಳು. ಹುಡುಗಿ ಒಂದು ಕ್ಷಣ ಯೋಚಿಸಿ, ಇರಲಿ ಬಿಡಿ, ಮನೆ ಹತ್ತಿರ ಮೆಣಸಿನ ಗಿಡದ ಪಾಟಿದೆ, ಅದಕ್ಕೆ ಹಾಕುತ್ತೇನೆ ಎಂದು ಆ ಚಿಟಿಕೆಯನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟುಕೊಂಡಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕಾನ್ವೆಂಟಿನ ಹೇಲ್ ಮೇರಿ ಪ್ರಾರ್ಥನೆ ಹೇಳಿಕೊಂಡೆ. ಹುಟ್ಟಿದ ಮನೆಯ ದೇವರು ಬೇರೆಯಾದರೂ ಇಂಥ ಹೊತ್ತಿನಲ್ಲಿ ನನಗೆ ಮೊದಲು ಬಾಯಿಗೆ ಬರುವುದು ಅದೇ.

ಪಾಲಿಹೌಸಿನ ಬಾಗಿಲಲ್ಲಿ ಮಗಳು ಒಂದು ಅಗಲವಾದ ತೊಟ್ಟಿಯಲ್ಲಿ ಪರ್ಮ್ಯಾಂಗನೇಟಿನ ನೇರಳೆ ನೀರು ತುಂಬಿಸಿಟ್ಟಿದ್ದಳು; ಒಳಗೆ ಹೋಗುವವರೆಲ್ಲ ಅದರಲ್ಲಿ ಕಾಲು ಅದ್ದಬೇಕು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗಿದೆ ಎಂದು ಅಕ್ಕನಿಗೆ ಖುಷಿಯಾಯಿತು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಹೊರಗಿನ ಮಣ್ಣು ಒಳಗೆ ತರಬಾರದು ಎಂದು ಬರೆಸಿತ್ತು. ಇದು ನಮ್ಮ ಕೊನೆಯ ಆಸೆ. ಅಕ್ಕ ಕನ್ನಡಕ ಏರಿಸಿಕೊಂಡು ಒಂದೊಂದೇ ಪದ ಬಿಡಿಸಿ ಓದಿದಳು, ತಲೆದೂಗಿದಳು.

“ಸರಿಯಾಗೇ ಬರೆಸಿದೀಯ. ಕಂಡೋರ ಮಣ್ಣೆಲ್ಲ ತಂದು ಸುರೀತಾರೆ ಜನ.”

ಅಂದವಳೇ ಡಬ್ಬಿಯನ್ನು ಕಂಕುಳಿಗೆ ಏರಿಸಿಕೊಂಡು ತೊಟ್ಟಿಯೊಳಗೆ ಕಾಲಿಡಲು ಹೊರಟಳು. ಶ್ರೀನಿವಾಸಪುರದಿಂದ ಬಂದು ಪಕ್ಕದಲ್ಲೇ ನಿಂತಿದ್ದ ತಮ್ಮ ಆಕಾಶ ನೋಡತೊಡಗಿದ. ನಾನು ತೆಂಗಿನಕಾಯಿಯ ಜುಟ್ಟು ಸರಿ ಮಾಡತೊಡಗಿದೆ. ಮಗಳು ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

“ಅಮ್ಮ, ನಂಗೆ ನಿನ್ನ ಕೈ ಬೇಕು. ನಿನ್ನ ಮಣ್ಣು ಬೇಡ.”

ಆಮೇಲೆ ಎಲ್ಲವನ್ನೂ ಹೇಳಿದಳು. ಪಾಲಿಷ್ ಇಲ್ಲದೆ, ಕಾಂಪ್ಲಿಮೆಂಟ್ ಇಲ್ಲದೆ, ನಿಂತ ಹಾಗೇ. ಹುಳುವಿನ ವಿಷಯ, ಮೂರೂ ಕಡೆಯ ಈಶಾನ್ಯ ಮೂಲೆಯ ವಿಷಯ, ಡಬ್ಬಿಯ ವಿಷಯ. ಅಕ್ಕ ಅಲ್ಲೇ ಬೋರಲು ಹಾಕಿದ್ದ ಟೊಮೆಟೊ ಕ್ರೇಟಿನ ಮೇಲೆ ಕೂತಳು. ಡಬ್ಬಿ ತೊಡೆಯ ಮೇಲಿತ್ತು. ಆ ಗಿಡ ತೋರಿಸು ಅಂದಳು. ಮಗಳು ಹೊರಗಿನ ತಾಕಿನಿಂದ ಒಂದನ್ನು ಕಿತ್ತು ತಂದಳು. ಅಕ್ಕ ಬೇರನ್ನು ಕೈಯಲ್ಲಿ ಹಿಡಿದು ನೋಡಿದ ರೀತಿಯಲ್ಲಿ, ಪೇಟೆಯಲ್ಲಿ ಆಕಸ್ಮಿಕವಾಗಿ ತಮ್ಮೂರಿನವರು ಸಿಕ್ಕಿದಾಗ ನೋಡುವ ಗುರುತಿತ್ತು.

“ಕಡ್ಲೆಕಾಯಿ ಬೇರಲ್ಲೂ ಇರ್ತಾವಲ್ಲೇ,” ಅಂದಳು ಮೆಲ್ಲಗೆ.

“ಅವು ಬೇರೆ ಅಮ್ಮ. ಅವು ಉಗುರಲ್ಲಿ ಮುಟ್ಟಿದ್ರೆ ಉದುರಿಬಿಡ್ತಾವೆ. ಇದು ಬೇರು ತಾನೇ ಊದ್ಕೊಂಡಿರೋದು, ಕೆರೆದ್ರೂ ಬರಲ್ಲ. ನೀನೇ ನೋಡು.”

ಅಕ್ಕ ಹೆಬ್ಬೆರಳ ಉಗುರಿನಿಂದ ಒಂದು ಗಂಟನ್ನು ಕೆರೆದಳು. ಬರಲಿಲ್ಲ. ಪಕ್ಕದ್ದನ್ನು ಕೆರೆದಳು. ಅದೂ ಬರಲಿಲ್ಲ. ರೇಡಿಯೋ ಹೇಳಿದ್ದನ್ನೂ ಅಜ್ಜಿ ಹೇಳಿದ್ದನ್ನೂ ಒಟ್ಟಿಗೆ ಕಳೆದುಕೊಂಡವಳ ಹಾಗೆ ಕೂತಿದ್ದಳು. ಕೊನೆಗೆ ಅವಳು ತಲೆ ಎತ್ತದೆ ತಮ್ಮನನ್ನು ಕೇಳಿದಳು, ನಿನ್ನ ಹೊಲದಲ್ಲೂ ಇವೇನಾ. ಹೂಂ ಅಂದ. ಮುಳಬಾಗಿಲಲ್ಲೂ? ಹೂಂ.

“ಎಲ್ಲಾ ಕಡೆ ಚೆನ್ನಾಗಿ ಹತ್ಕೊಂಡಿದಾವಾ?”

ತಮ್ಮ, ಬಹಳ ಚೆನ್ನಾಗಿ ಹತ್ತಿಕೊಂಡಿವೆ ಅಕ್ಕ ಎಂದ.

“ನೋಡು ಮತ್ತೆ,” ಅಂದಳು ಅಕ್ಕ. “ನನ್ನ ಕೈಲಿ ಹೋಗಿದ್ದು ಯಾವ್ದೂ ಸತ್ತಿದ್ದೇ ಇಲ್ಲ.”

ನಗಬೇಕೋ ಅಳಬೇಕೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅವಳ ಮುಖದಲ್ಲೂ ಎರಡೂ ಇದ್ದವು. ರಾಹುಕಾಲ ಹತ್ತಿರ ಬರುತ್ತಿದೆ ಎಂದು ತಮ್ಮ ನೆನಪಿಸಿದ. ಮಗಳು ಅಮ್ಮನ ಭುಜ ಮುಟ್ಟಿ, ಕೈಕಾಲು ತೊಳೆದುಕೊಂಡು ಒಳಗೆ ಬಾ ಅಂದಳು. ಅಕ್ಕ ಅಲ್ಲಾಡಲಿಲ್ಲ. ಈ ಕೈ ಇನ್ನು ಬೇಡ ಎಂದಳು. ಆಮೇಲೆ ಗದ್ದ ಎತ್ತಿ ನನ್ನನ್ನು ತೋರಿಸಿದಳು.

“ಅವಳ ಕೈಲಿ ನೆಡ್ಸು. ಹುಟ್ಟಿದಾಗಿಂದ ಮಣ್ಣು ಮುಟ್ಟಿಲ್ಲ. ಅವಳ ಕೈಯಷ್ಟು ಚೊಕ್ಕ ಯಾರ ಕೈಯೂ ಇಲ್ಲ.”

ಇಷ್ಟು ವರ್ಷ ನಾನು ಗುಟ್ಟಾಗಿ ಆಸೆಪಟ್ಟಿದ್ದ ಪಟ್ಟ ಅದು. ಕಾಲು ನೇರಳೆ ಬಣ್ಣ ಮಾಡಿಕೊಂಡು ಒಳಗೆ ಹೋದಾಗ ಸತ್ತ ಮನಿ ಪ್ಲಾಂಟ್ ಕಣ್ಣ ಮುಂದೆ ಬಂತು. ಮಗಳ ಕಣ್ಣ ಮುಂದೆಯೂ ಬಂದಿರಬೇಕು, ಅವಳ ಮುಖ ಬಿಳಚಿಕೊಂಡಿತ್ತು. ಮಂಡಿ ಮಡಚಲು ಬಾರದ್ದಕ್ಕೆ ಒಂದು ಸ್ಟೂಲು ಹಾಕಿಕೊಟ್ಟರು. ಟ್ರೇಯಿಂದ ಸಸಿ ಎತ್ತಿ ನನ್ನ ಕೈಗಿತ್ತರು. ನಾನು ಅದನ್ನು ಪೆನ್ನು ಹಿಡಿದ ಹಾಗೆ ಹಿಡಿದೆ. ಹೊರಗಡೆ ಅಕ್ಕ ಕ್ರೇಟಿನಿಂದ ಎದ್ದು ಬಂದು ಪಾಲಿಹೌಸಿನ ಬಲೆಗೆ ಮುಖ ಒತ್ತಿ ನಿಂತಿದ್ದಳು.

ಕುತ್ತಿಗೆ ಹಿಡೀಬೇಡ, ಮಣ್ಣಿನುಂಡೆ ಹಿಡಿ ಅಂದಳು. ಹಿಡಿದೆ. ಉಂಡೆ ಅರ್ಧ ಉದುರಿತು. ಗುಳಿ ಸಾಲದು ಅಂದಳು, ತೋಡಿದೆ. ಈಗ ಬಾವಿ ಆಯಿತು ಅಂದಳು, ಮುಚ್ಚಿದೆ. ಸಸಿಯನ್ನು ಇಟ್ಟು ಸುತ್ತ ಮಣ್ಣು ಎಳೆದಾಗ ಅದು ತಮ್ಮನ ಬೆದರುಗೊಂಬೆಯ ಹಾಗೆ ಒಂದು ಪಕ್ಕಕ್ಕೆ ವಾಲಿತು. ನಾನು ಅದನ್ನು ಎರಡೇ ಬೆರಳಿನಿಂದ ನೆಟ್ಟಗೆ ಮಾಡುತ್ತಿದ್ದೆ, ಸಿಸ್ಟರ್ ನಮ್ಮ ಕೈಯಲ್ಲಿ ಟೀ ಕಪ್ಪಿನ ಹಿಡಿ ಹಿಡಿಸುತ್ತಿದ್ದಂತೆ, ಕಿರುಬೆರಳು ಮೇಲೆ ಮಾಡಿಕೊಂಡು. ಹೊರಗಡೆ ಒಂದು ನಿಟ್ಟುಸಿರು ಕೇಳಿಸಿತು.

“ಅಯ್ಯೋ, ಗಿಡ ಕೊಲ್ತಾಳೆ ಇವಳು. ಲೇ, ಇದನ್ನ ಹಿಡ್ಕೊಳೋ. ಮುಚ್ಚಳ ತೆಗೆದೀಯ ಜೋಕೆ.”

ತಮ್ಮನ ಕೈಗೆ ಡಬ್ಬಿ ಹೋಯಿತು. ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು. ತಮ್ಮ ಅದನ್ನು ಬಾಂಬು ಹಿಡಿದ ಹಾಗೆ ಮೈಯಿಂದ ದೂರ ಹಿಡಿದುಕೊಂಡು ನಿಂತ. ನಲ್ಲಿಯಲ್ಲಿ ಅಕ್ಕ ಸೋಪು ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆದಳು, ಕಡ್ಡಿಯಿಂದ ಒಂದೊಂದೇ ಉಗುರಿನ ಸಂದಿ ತೆಗೆದಳು. ನಮ್ಮ ಸಿಸ್ಟರ್ ಇದ್ದಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು. ನೇರಳೆ ನೀರಿನಲ್ಲಿ ಬಲಗಾಲು ಮೊದಲಿಟ್ಟು, ಒಳಗೆ ಬಂದು, ನನ್ನನ್ನು ಸ್ಟೂಲಿನಿಂದ ಎಬ್ಬಿಸಿ ಪಕ್ಕಕ್ಕೆ ತಳ್ಳಿ, ಕುಕ್ಕರುಗಾಲಲ್ಲಿ ಕೂತಳು. ನಾನು ನೆಟ್ಟದ್ದನ್ನು ಬಿಡಿಸಿ ತೆಗೆದು, ಏನೂ ಆಗಿಲ್ಲ ಬಿಡು ಎಂದು ನನಗೋ ಸಸಿಗೋ ಹೇಳಿ, ಹೊಸದಾಗಿ ಊರಿದಳು. ಅಭ್ಯಾಸದಂತೆ ಅವಳ ಎಡಗೈ ಡಬ್ಬಿಗಾಗಿ ಪಕ್ಕದ ನೆಲ ತಡವಿತು. ಅಲ್ಲಿ ಏನೂ ಸಿಗದೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಆ ಕೈಯೂ ಬಂದು ಬಲಗೈಯ ಜೊತೆ ಸೇರಿ ಬುಡ ಒತ್ತಿತು. ಸಸಿ ನೆಟ್ಟಗೆ ನಿಂತಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಡಬ್ಬಿಯ ಮುಚ್ಚಳದ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಎಲ್ಲೂ ಸುರಿಯಬಾರದು, ಅದನ್ನು ತಂದ ಪಾತಿಗೇ ಹಾಕಬೇಕು ಎಂದು ಅವಳೇ ತೀರ್ಮಾನಿಸಿದ್ದಳು. ನರಸಾಪುರ ಬಂದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಸ್ಟಾಪಿನಲ್ಲಿ ಬೆಳಗಿನ ಹುಡುಗಿ ಇದ್ದಾಳೆಯೇ ಎಂದು ಹುಡುಕಿದಳು. ಇರಲಿಲ್ಲ. ಆ ಮೆಣಸಿನ ಪಾಟಿನ ಚಿಂತೆ ಅವಳಿಗೆ ಈಗಲೂ ಇದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಟ್ಯಾಗು ಹಾಕಿದ ಹುಡುಗಿಯರ ಮುಖಗಳನ್ನು ಒಂದೊಂದೇ ನೋಡುತ್ತಾಳೆ, ಅವರು ಹೆದರುತ್ತಾರೆ.

ಸೋತು ಸುಮ್ಮನಾಗುವ ಜೀವವಲ್ಲ ಅದು. ಆ ಬೇಸಿಗೆಯಲ್ಲಿ ಕೊಟ್ಟಿಗೆಯ ಹಿಂದಿನ ಪಾತಿಗೆ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲಿಗೆ ಬೇಯಿಸಿದಳು. ಮಳೆ ಬಿದ್ದ ಮೇಲೆ ಬೇವಿನ ಹಿಂಡಿ ಹಾಕಿ ಚೆಂಡುಹೂವು ನೆಟ್ಟಳು; ಆ ಹೂವಿನ ಬೇರು ಈ ಹುಳುವಿಗೆ ಆಗುವುದಿಲ್ಲವಂತೆ. ಶ್ರೀನಿವಾಸಪುರಕ್ಕೂ ಮುಳಬಾಗಿಲಿಗೂ ತಾನೇ ಹೋಗಿ, ಆ ಮೂಲೆಗಳಲ್ಲಿ ಚೆಂಡುಹೂವು ಹಾಕಿಸಿ ಬಂದಳು. ನಾದಿನಿಯ ಬಟ್ಟೆ ಒಗೆಯುವ ಕಲ್ಲು ಹಳೆಯ ಜಾಗಕ್ಕೆ ಬಂತು. ನಮ್ಮ ಯಜಮಾನರ ಕೋಟು ಮಾತ್ರ ಇನ್ನೂ ಹೊಲದಲ್ಲೇ ಇದೆ. ಯಾರ ತೋಟಕ್ಕೆ ಕಾಲಿಟ್ಟರೂ ಅಕ್ಕ ಈಗ ಮೊದಲು ನೋಡುವುದು ಬಂದವರ ಚಪ್ಪಲಿಯನ್ನು.

ಮಾಲೂರಿನ ಕ್ಯಾಪ್ಸಿಕಂ ಚೆನ್ನಾಗಿಯೇ ಬಂತು. ಬೆಳೆ ಮುಗಿಯುವ ಕಾಲಕ್ಕೆ ಅಕ್ಕ ಹಠ ಹಿಡಿದು ನನ್ನನ್ನು ಕರೆದುಕೊಂಡು ಹೋದಳು. ಈಶಾನ್ಯ ಮೂಲೆಯ ಆ ಮೊದಲ ಗಿಡವನ್ನು ತನ್ನ ಕೈಯಾರೆ ಕೀಳಬೇಕಂತೆ. ಪಾಲಿಹೌಸಿನೊಳಗೆ ಮಗಳು ಬಕೆಟ್ಟಿನಲ್ಲಿ ನೀರು ತುಂಬಿಸಿಕೊಂಡು ನಿಂತಿದ್ದಳು. ಅಕ್ಕ ಸುತ್ತಲಿನ ಮಣ್ಣು ಸಡಿಲಿಸಿ ಗಿಡವನ್ನು ಮೆಲ್ಲಗೆ ಎತ್ತಿದಳು, ಬಕೆಟ್ಟಿನ ನೀರಿನಲ್ಲಿ ಬೇರು ಅದ್ದಿ ಅಲ್ಲಾಡಿಸಿದಳು, ಬೆಳಕಿಗೆ ಹಿಡಿದಳು. ಬಿಳೀ ಬೇರು, ಹೊಲಿಗೆ ದಾರದ ಹಾಗೆ ನುಣ್ಣಗೆ ಇಳಿಬಿದ್ದಿತ್ತು. ಉಗುರಿನಿಂದ ಮೇಲಿಂದ ಕೆಳಗಿನವರೆಗೆ ಸವರಿದಳು. ಎಲ್ಲೂ ಏನೂ ತಡೆಯಲಿಲ್ಲ.

ಮಗಳು ಅಳುತ್ತಾ ನಗುತ್ತಿದ್ದಳು. ಅಕ್ಕ ಬೇರನ್ನು ಕಣ್ಣಿಗೊತ್ತಿಕೊಂಡು ನನ್ನ ಕಡೆ ಚಾಚಿದಳು. ಅವಳ ದನಿಯಲ್ಲಿ ನೆಮ್ಮದಿಯ ಜೊತೆ, ಎಲ್ಲೋ ಒಂದು ಕಡೆ, ಸಣ್ಣ ನಿರಾಸೆಯೂ ಇತ್ತು.

“ಎಷ್ಟು ಬೋಳಾಗಿದೆ ನೋಡೇ,” ಅಂದಳು. “ಒಂದು ಮುತ್ತೂ ಇಲ್ಲ.”

ನಾನು ವೆರಿ ನೈಸ್ ಅಂದೆ.